ಗೆರೆಯ ಕೆಳಗಿನ ಹೆಸರು

ಮೊಮ್ಮಗಳು ಶಾಲೆಯ ಚೀಲದಿಂದ ಮೇಣದ ಬಣ್ಣದ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ಗೋರಿಗಳು ನೆನಪಾದವು. ಬಾಯಿಬಿಟ್ಟು ಹೇಳಿದರೆ ಸೊಸೆ ಗಾಬರಿಯಾಗುತ್ತಾಳೆಂದು ಸುಮ್ಮನಿದ್ದೆ. ಎಲ್ಲರಿಗೂ ಅದು ಎಳೆಯ ಮಕ್ಕಳ ವಾಸನೆ. ನನಗೆ ಮಾತ್ರ ಅದರೊಳಗೆ ಬಿಸಿಲಿಗೆ ಕಾದ ಕಲ್ಲು ಇದೆ, ಒಣಗಿದ ಬೇವಿನೆಲೆ ಇದೆ, ಅಕ್ಕ ಇದ್ದಾರೆ... ಅಕ್ಕನೆಂದರೆ ಒಡಹುಟ್ಟಿದವರಲ್ಲ. ಪಕ್ಕದ ಮನೆಯವರು.

ನಾನು ಮದುವೆಯಾಗಿ ಹುಬ್ಬಳ್ಳಿಯಿಂದ ನಾಗಪುರಕ್ಕೆ ಬಂದ ಹೊಸತು. ಗಂಡನಿಗೆ ರೈಲ್ವೆಯಲ್ಲಿ ಕೆಲಸ, ಅಜನಿಯಲ್ಲಿ ಕ್ವಾರ್ಟರ್ಸು, ಜೊತೆಗೆ ಅತ್ತೆ. ಮರಾಠಿ ಬಾರದು, ಹಿಂದಿ ಅರ್ಧಂಬರ್ಧ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎನ್ನುವಂತೆ ನಮ್ಮ ಪರಿಚಯವಾದದ್ದು ನಳದ ಹತ್ತಿರವೇ. ಕೊಡ ಅರ್ಧ ತುಂಬುವಷ್ಟರಲ್ಲಿ ನೀರು ನಿಂತಿತು. ಇಲ್ಲಿ ಯಾರಿಗೆ ತಿಳಿಯುತ್ತದೆ ಎಂಬ ಧೈರ್ಯದಲ್ಲಿ ನಾನು ಅಪ್ಪಟ ಕನ್ನಡದಲ್ಲಿ ನೀರಿನ ವಂಶವನ್ನೆಲ್ಲ ಬೈಯತೊಡಗಿದೆ.

"ನೀರಿಗ್ಯಾಕ ಬೈತೀ ತಂಗಿ? ನೀರು ಬಿಡಾಂವಗ ಬೈ" ಎಂದು ಹಿಂದಿನಿಂದ ದನಿ ಬಂತು.

ತಿರುಗಿ ನೋಡಿದರೆ ಎತ್ತರದ, ತೆಳ್ಳನೆಯ ಹೆಂಗಸು. ಗಂಜಿ ಹಾಕಿದ ನೂಲಿನ ಸೀರೆ, ಬೆರಳ ತುದಿಯಲ್ಲಿ ಬಣ್ಣದ ಕಲೆ. ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಚಿತ್ರಕಲೆ ಕಲಿಸುತ್ತಿದ್ದರು. ಬೆಟಗೇರಿಯ ಕ್ರಿಶ್ಚಿಯನ್ನರು. ಯಜಮಾನರು ಗೂಡ್ಸ್ ಗಾಡಿಯ ಗಾರ್ಡು, ಮನೆಯಲ್ಲಿದ್ದ ದಿನಕ್ಕಿಂತ ಇಲ್ಲದ ದಿನವೇ ಹೆಚ್ಚು. ಮಕ್ಕಳಿರಲಿಲ್ಲ. ಕಾಲೊನಿಯವರೆಲ್ಲ ಡ್ರಾಯಿಂಗ್ ಬಾಯಿ ಎನ್ನುತ್ತಿದ್ದರು. ನಾನು ಅಂದಿನಿಂದಲೇ ಅಕ್ಕಾರ ಎಂದೆ.

ಅಕ್ಕನಿಗೆ ಅಕ್ಷರದ ಹುಚ್ಚು. ಹುಚ್ಚೆಂದರೆ ಹುಚ್ಚೇ, ಬೇರೆ ಮಾತಿಲ್ಲ. ವಕ್ರ ಅಕ್ಷರ ಕಂಡರೆ ಅವರಿಗೆ ಊಟ ಸೇರುತ್ತಿರಲಿಲ್ಲ. ಒಮ್ಮೆ ನಾವು ಕನ್ನಡದವರೆಲ್ಲ ಸೇರಿ ರಾಜ್ಯೋತ್ಸವಕ್ಕೆಂದು ಇತವಾರಿ ಪೇಟೆಯ ಪೇಂಟರನ ಹತ್ತಿರ ಬಟ್ಟೆಯ ಬ್ಯಾನರು ಬರೆಸುತ್ತಿದ್ದೆವು. ಅವನಿಗೆ ಕನ್ನಡ ಗೊತ್ತಿಲ್ಲ. ನಾವು ಕೊಟ್ಟ ಚೀಟಿ ನೋಡಿಕೊಂಡು ಹೇಗೋ ಗೀಚುತ್ತಿದ್ದ. ಅಕ್ಕ ಸ್ವಲ್ಪ ಹೊತ್ತು ತಡೆದರು, ಆಮೇಲೆ ಅವನ ಕೈಯಿಂದ ಕುಂಚ ಕಸಿದುಕೊಂಡರು. ಕೈಗಾಡಿಗಳು, ಟೆಂಪೋಗಳು ನುಗ್ಗುವ ಆ ಓಣಿಯಲ್ಲಿ ನೆಲದ ಮೇಲೆ ಕೂತು ಇಡೀ ಬ್ಯಾನರನ್ನು ತಾವೇ ಬರೆದು ಎದ್ದರು. ಪೇಂಟರ್ ಪಾಪ ಬೀಡಿ ಸೇದುತ್ತ ನೋಡುತ್ತಿದ್ದ. "ಅಕ್ಷರ ಅಂದ್ರ ಮಾರಿ ಇದ್ಹಂಗ. ಒಬ್ಬರ ಮಾರಿಗೆ ಇನ್ನೊಬ್ಬರ ಮೂಗು ಹಚ್ಚಿದ್ರ ಹೆಂಗ?" ಎಂದರು, ಅವನಿಗಲ್ಲ, ನನಗೆ. ಅವನಿಗೆ ಅರ್ಥವಾಗದ ಭಾಷೆಯಲ್ಲಿ ಬೈದರೆ ಬೈದಂತಾಗುವುದಿಲ್ಲವೆಂದು ನಾನು ತಮಾಷೆ ಮಾಡಿದ್ದೆ.

ಇಂಥ ಅಕ್ಕ ಒಂದು ಭಾನುವಾರ ಚರ್ಚು ಮುಗಿಸಿಕೊಂಡು ನೇರ ನಮ್ಮ ಮನೆಗೆ ಬಂದರು. "ಕಾಗದ ಹಿಡಿಯಾಕ ಒಂದು ಕೈ ಬೇಕಾಗೈತಿ, ಬರ್ತೀಯೇನು?" ಶಾಲೆಯ ಚಿತ್ರ ಇರಬೇಕೆಂದು ಹೊರಟೆ. ಸೈಕಲ್ ರಿಕ್ಷಾ ನಿಂತದ್ದು ಸಿಮಿಟ್ರಿಯ ಗೇಟಿನ ಮುಂದೆ. ನಾನು ರಿಕ್ಷಾದ ಕಂಬಿ ಹಿಡಿದು ಕೂತುಬಿಟ್ಟೆ. ನಮ್ಮಲ್ಲಿ ಹೆಂಗಸರು ತಮ್ಮವರ ಹೆಣದ ಹಿಂದೆಯೂ ಹೋಗುವವರಲ್ಲ. ಇಲ್ಲಿ ನೋಡಿದರೆ ಗುರುತಿಲ್ಲದವರ ಗೋರಿಗಳ ನಡುವೆ ಹೊಸ ಹಸಿರು ಬಳೆ ತೊಟ್ಟುಕೊಂಡು ನಾನು!

"ಹೆದರಬ್ಯಾಡ. ಇವ್ರು ಯಾರೂ ನಿನ್ನ ಕೂಡ ಮಾತಾಡೂದಿಲ್ಲ. ಮಾತಾಡಿದ್ರೂ ಇಂಗ್ಲಿಷಿನ್ಯಾಗ ಮಾತಾಡ್ತಾರ" ಎಂದರು ಅಕ್ಕ.

ಒಳಗೆ ಹೋಗಿ ಬೇವಿನ ನೆರಳಲ್ಲಿ ಕೂಡಿಸಿಕೊಂಡು ವಿಷಯ ಹೇಳಿದರು. ಅವರ ತಂದೆಯೂ ರೈಲ್ವೆಯವರೇ, ಇದೇ ನಾಗಪುರದಲ್ಲಿದ್ದವರು. ಅಕ್ಕ ಇನ್ನೂ ತೊದಲುವ ಕೂಸಾಗಿದ್ದಾಗ ಅವರ ತಾಯಿ ಇಲ್ಲಿ ತೀರಿಕೊಂಡರು. ತಂದೆ ಹೆಂಡತಿಯನ್ನು ಮಣ್ಣು ಮಾಡಿ, ಮೇಲೊಂದು ಕಲ್ಲು ನಿಲ್ಲಿಸಿ, ಕೂಸನ್ನೆತ್ತಿಕೊಂಡು ಬೆಟಗೇರಿಗೆ ಹೋದವರು ಮತ್ತೆ ಈ ಕಡೆ ತಲೆ ಹಾಕಲಿಲ್ಲ. ಮನೆಯಲ್ಲಿ ತಾಯಿಯ ಒಂದು ಫೋಟೋ ಕೂಡ ಇರಲಿಲ್ಲ. ಆ ಕಲ್ಲಿನ ವಿಷಯ ಮಾತ್ರ ತಂದೆ ಆಗಾಗ ಹೇಳುತ್ತಿದ್ದರಂತೆ: ಗೋಡೆಯ ಹತ್ತಿರ, ಬೇವಿನ ಗಿಡದ ಕೆಳಗೆ, ಹೆಸರು ಕನ್ನಡದಲ್ಲೇ ಆಗಬೇಕೆಂದು ಹಟ ಹಿಡಿದು ಬರೆದುಕೊಟ್ಟೆ, ಆದರೆ ಕಲ್ಲು ಕೆತ್ತುವವನಿಗೆ ಮರಾಠಿ ಬಿಟ್ಟು ಬೇರೆ ಬಾರದು, ಅಕ್ಷರಗಳ ತಲೆಕಟ್ಟು ನೋಡಿ ಇದೂ ಹಾಗೆಯೇ ಎಂದುಕೊಂಡು ಹೆಸರಿನ ಮೇಲೆ ಈ ತುದಿಯಿಂದ ಆ ತುದಿಗೆ ಒಂದೇ ಗೆರೆ ಎಳೆದುಬಿಟ್ಟ.

"ಹಗ್ಗದ ಮ್ಯಾಲ ಅರಿವಿ ಒಣಗ ಹಾಕಿದಂಗ ಆಗಿತ್ತವ್ವಾ, ಅಂತಿದ್ದ ನಮ್ಮಪ್ಪ. ನಗ್ತಿದ್ದ. ನಕ್ಕೋತ ನಕ್ಕೋತ ಕಣ್ಣೀರು ತರ್ತಿದ್ದ" ಎಂದರು ಅಕ್ಕ.

ಯಜಮಾನರಿಗೆ ಗಂಟುಬಿದ್ದು ಈ ಊರಿಗೆ ವರ್ಗ ಮಾಡಿಸಿಕೊಂಡದ್ದೇ ಆ ಕಲ್ಲಿಗಾಗಿ. ಚರ್ಚಿನ ಹಳೆಯ ದಾಖಲೆಗಳನ್ನು ಗೆದ್ದಲು ತಿಂದಿತ್ತು. ಬೇವಿನ ಮರಗಳಿಗೆ ನಾಗಪುರದಲ್ಲೇನು ಬರ? ಉಳಿದದ್ದು ಆ ಗೆರೆಯೊಂದೇ ಗುರುತು.

ಅಂದು ಮನೆಗೆ ಬಂದಾಗ ಅತ್ತೆ ಬಾಗಿಲಲ್ಲೇ ತಡೆದರು. "ಮುತ್ತೈದಿ ಹೆಣ್ಣಮಕ್ಕಳು ಇಂಥಾ ಜಾಗಾಕ್ಕ ಹೋಗ್ತಾರೇನ?" ಎಂದು ಅಂಗಳದಲ್ಲಿ ನಿಲ್ಲಿಸಿ ತಲೆಯ ಮೇಲೆ ತಣ್ಣೀರು ಸುರಿದರು. ನಾನು ನಡುಗುತ್ತ ಇಡೀ ಕಥೆ ಹೇಳಿದೆ. ತಂಬಿಗೆ ಹಿಡಿದ ಕೈ ಹಾಗೇ ನಿಂತಿತು. ಮುಂದಿನ ಭಾನುವಾರ ಅಕ್ಕ ಕರೆಯಲು ಬಂದಾಗ ಬೇಡ ಎನ್ನಲಿಲ್ಲ. ವಾಪಸು ಬಂದಾಗ ನೀರು ಸುರಿಯುವುದನ್ನೂ ಬಿಡಲಿಲ್ಲ. ಆದರೆ ನೀರು ಬಿಸಿಯಾಗಿತ್ತು, ಮತ್ತು ಸುರಿಯುತ್ತಲೇ ಕೇಳಿದರು: "ಸಿಕ್ಕಳೇನು ಆಕಿ ಅವ್ವ?" ಆಮೇಲೆ ಪ್ರತಿ ಭಾನುವಾರ ಇದೇ ಪ್ರಶ್ನೆ.

ಸಿಕ್ಕುವುದು ಅಷ್ಟು ಸುಲಭವಿರಲಿಲ್ಲ. ಅರ್ಧದಷ್ಟು ಕಲ್ಲುಗಳು ಮರಳುಗಲ್ಲಿನವು, ಮಳೆಗೆ ಬಿಸಿಲಿಗೆ ಪದರು ಪದರಾಗಿ ಎದ್ದಿದ್ದವು. ಕಣ್ಣಿಗೆ ಬರೀ ಒರಟು ಕಲ್ಲು. ಅದರ ಮೇಲೆ ತೆಳು ಕಾಗದ ಹರಡಿ ನಾನು ಎರಡೂ ಕೈಯಿಂದ ಒತ್ತಿ ಹಿಡಿಯಬೇಕು. ಅಕ್ಕ ಶಾಲೆಯ ಹುಡುಗಿಯರು ಬಳಸಿ ಬಿಟ್ಟ ಮೇಣದ ಕಡ್ಡಿಯ ತುಂಡುಗಳನ್ನು ಅಡ್ಡ ಹಿಡಿದು ಮೆಲ್ಲಗೆ ಉಜ್ಜುತ್ತ ಹೋಗುವರು. ಬಣ್ಣ ಎಲ್ಲ ಕಡೆ ಹತ್ತುವುದು, ಉಳಿ ತಾಗಿ ತಗ್ಗಾದಲ್ಲಿ ಮಾತ್ರ ಬಿಳಿಯಾಗಿ ಉಳಿಯುವುದು. ಏನೂ ಇಲ್ಲದಲ್ಲಿ ಒಂದು ಹೆಸರು ಎದ್ದು ಬರುವುದು... ಮೊದಲ ಸಲ ನೋಡಿದಾಗ ಆ ಹೆಸರನ್ನು ನಾನು ಗಟ್ಟಿಯಾಗಿ ಓದಿದೆ. ಸತ್ತವರ ಭಯ ಅಂದೇ ಹೋಯಿತು.

ಉಜ್ಜುತ್ತ ಉಜ್ಜುತ್ತ ಅಕ್ಕ ನನಗೆ ಅಕ್ಷರ ನೋಡುವುದನ್ನು ಕಲಿಸಿದರು. ಓದುವುದು ಬೇರೆ, ನೋಡುವುದು ಬೇರೆ ಎನ್ನುತ್ತಿದ್ದರು. ಬ್ರಿಟಿಷರ ಕಾಲದ ಕಲ್ಲುಗಳಲ್ಲಿ ಒಂದು ಕಾಲು ದಪ್ಪ, ಒಂದು ಕಾಲು ಸಣ್ಣ, ಪ್ರತಿ ಕಾಲಿಗೂ ಪಾದವಿರುವ ಅಕ್ಷರ. ದೊಡ್ಡ ಅಧಿಕಾರಿಗಳ ಗೋರಿಯ ಮೇಲೆ ಕಬ್ಬಿಣದ ಬೇಲಿಯಂತೆ ಚೂಪುಚೂಪಾದ, ಮಂತ್ರದ ಹಾಗೆ ಯಾರಿಗೂ ಓದಲಾಗದ ಇಂಗ್ಲಿಷು. ಅಮೃತಶಿಲೆಯಲ್ಲಿ ಸೀಸ ತುಂಬಿಸಿದ ಅಕ್ಷರಗಳು. ಸೀಸ ಉದುರಿದ ಮೇಲೆ ಅದನ್ನು ಹಿಡಿದಿಟ್ಟಿದ್ದ ಸಣ್ಣ ತೂತುಗಳಷ್ಟೇ ಉಳಿದು, ಆ ತೂತುಗಳನ್ನು ಕೂಡಿಸಿ ಹೆಸರು ಓದಬೇಕು. ಮರಾಠಿ ಕಲ್ಲಿನ 'ಲ' ನೋಡಿ ಕೆತ್ತಿದವನು ಈ ಕಡೆಯವನೋ ಉತ್ತರದ ಹಿಂದಿಯವನೋ ಹೇಳುತ್ತಿದ್ದರು. ರೈಲ್ವೆ ಊರಲ್ಲವೇ, ತಮಿಳು, ತೆಲುಗಿನ ಕಲ್ಲುಗಳೂ ಇದ್ದವು. ನನಗಂತೂ ಕೆಟ್ಟ ಚಾಳಿ ಹತ್ತಿತು. ತರಕಾರಿ ತರಲು ಹೋದವಳು ಅಂಗಡಿಯ ಬೋರ್ಡುಗಳ ಕೆಳಗೆ ಬಾಯಿ ತೆರೆದು ನಿಲ್ಲುತ್ತಿದ್ದೆ.

ಮಳೆಗಾಲ ಕಳೆದು ಚಳಿ ಶುರುವಾದಾಗ ಒಂದು ಭಾನುವಾರ, ಹಿಂದುಗಡೆಯ ಪೊದೆಯಲ್ಲಿ ವಾಲಿಕೊಂಡ ಕಲ್ಲೊಂದನ್ನು ಉಜ್ಜುತ್ತಿದ್ದೆವು. ಮೊದಲು ಬಿಳಿಯ ಉದ್ದ ಗೆರೆ ಬಂತು. ಮರಾಠಿ ಇರಬೇಕೆಂದು ನಾನು ಆಕಳಿಸಿದೆ. ಗೆರೆಯ ಕೆಳಗೆ ಮೆಲ್ಲಗೆ ಒಂದು ಗುಂಡನೆಯ ಅಕ್ಷರ ಮೂಡಿತು. 'ಸ'. ಕನ್ನಡದ 'ಸ'! ಅಕ್ಕನ ತಾಯಿಯ ಹೆಸರು ಸುಗುಣಾ. ಅಕ್ಕ ಕಡ್ಡಿ ಕೆಳಗಿಟ್ಟು ಎದೆಯ ಮೇಲೆ ಕೈಯಿಟ್ಟುಕೊಂಡರು. ಮುಂದೆ ಉಜ್ಜಲು ಅವರಿಂದಾಗಲಿಲ್ಲ. "ನೀನ ತಿಕ್ಕು" ಎಂದು ಕಡ್ಡಿಯನ್ನು ನನ್ನ ಕೈಗೆ ಕೊಟ್ಟು ಆ ಕಡೆ ಮುಖ ಮಾಡಿ ನಿಂತರು. ನಾನು ಉಜ್ಜಿದೆ. ಸ... ಮು... ವೇ... ಲ.

"ಅಕ್ಕಾರ, ಸಮುವೇಲ ಅಂತ ಐತ್ರಿ. ಗಂಡಸು."

ಅಕ್ಕ ಆ ಸಮುವೇಲನ ಕಲ್ಲಿನ ಮೇಲಿನ ಮಣ್ಣನ್ನು ಸೆರಗಿನಿಂದ ಒರೆಸಿದರು. ಬೆಟ್ಟ ಅಗೆದು ಇಲಿ ಹಿಡಿದಂತಾಯಿತೆಂದು ನಾನು ರಿಕ್ಷಾದಲ್ಲಿ ಗೊಣಗಿದೆ. ಅವರು ಕೇಳಿಸಿಕೊಳ್ಳಲಿಲ್ಲ. ಬೇರೇನೋ ಲೆಕ್ಕ ಹಾಕುತ್ತಿದ್ದರು.

ಲೆಕ್ಕ ಇಷ್ಟೇ. ತಮ್ಮ ಹೆಂಡತಿಯ ಕಲ್ಲಿನ ಮೇಲೆ ಮಾತ್ರ ಆದ ತಪ್ಪು ಎಂದು ತಂದೆ ತಿಳಿದಿದ್ದರು. ಅದು ಆ ಕೆತ್ತುವವನ ರೂಢಿಯೇ ಆಗಿತ್ತು. ಕನ್ನಡದವರು ಯಾರೇ ಸತ್ತರೂ ಅವನು ಗೆರೆ ಎಳೆದೇ ಎಳೆಯುತ್ತಿದ್ದ, ತಲೆಕಟ್ಟೇ ಇಲ್ಲದ 'ಲ'ಗೂ ಬಿಡದೆ. ಕಾಗದವನ್ನು ಬೆಳಕಿಗೆ ಹಿಡಿದು ಅಕ್ಕ ಇನ್ನೊಂದು ತೋರಿಸಿದರು: ಗೆರೆಯ ಬಲತುದಿಯಲ್ಲಿ ಅವನು ಉಳಿಯನ್ನು ಕೆಳಕ್ಕೆ ತಿರುಗಿಸಿ ಒಂದು ಸಣ್ಣ ಕೊಕ್ಕೆ ಬಿಡುತ್ತಿದ್ದ. ಹಾಗೆ ನೋಡಿದರೆ ಮರಾಠಿ ಕಲ್ಲುಗಳಲ್ಲೂ ಅದೇ ಕೊಕ್ಕೆ. ಅವನಿಗೆ ಕೊಕ್ಕಿ ಮಾಮಾ ಎಂದು ಹೆಸರಿಟ್ಟೆವು. ಅಲ್ಲಿಂದ ಮುಂದೆ ನಾವು ಹುಡುಕಿದ್ದು ಹೆಸರನ್ನಲ್ಲ, ಕೊಕ್ಕೆಯನ್ನು.

ಕೊಕ್ಕಿ ಮಾಮಾನ ಕಲ್ಲುಗಳು ಒಂದೊಂದಾಗಿ ಸಿಕ್ಕವು. ಕನ್ನಡದವು ಕೆಲವು, ಮರಾಠಿಯವು ಹೆಚ್ಚು. ಆ ಕಾಲದಲ್ಲಿ ತೀರಿಕೊಂಡವರನ್ನು ಒಬ್ಬರ ಪಕ್ಕದಲ್ಲೊಬ್ಬರಂತೆ ಸಾಲಾಗಿ ಮಣ್ಣು ಮಾಡುತ್ತಿದ್ದರೆಂದು ಕಾಣುತ್ತದೆ. ಕಲ್ಲಿನ ಮೇಲಿನ ಇಸವಿಗಳು ಒಂದರ ಹಿಂದೊಂದು ಗೋಡೆಯ ಕಡೆಗೆ ನಡೆದಿದ್ದವು. ಅಕ್ಕನ ನಡಿಗೆ ಜೋರಾಯಿತು. ಸಾಲಿನ ಕೊನೆಯ ಕಲ್ಲಿನ ಇಸವಿ ಅವರ ತಾಯಿ ತೀರಿಕೊಂಡದ್ದಕ್ಕಿಂತ ಒಂದು ವರ್ಷ ಹಿಂದಿನದು. ಅದರ ಪಕ್ಕದಲ್ಲೇ ಇರಬೇಕು...

ಪಕ್ಕದಲ್ಲಿ ಗೋಡೆ ಇತ್ತು. ಇಟ್ಟಿಗೆಯ ಗೋಡೆ, ಅಷ್ಟೇನೂ ಹಳೆಯದಲ್ಲ.

ಗೋರಿ ತೋಡುವ ಮುದುಕನನ್ನು ಕರೆದು ಕೇಳಿದೆವು. ಹಳೆಯ ಗೋಡೆ ಇನ್ನೂ ಆಚೆಗಿತ್ತು, ರಸ್ತೆ ಅಗಲ ಮಾಡುವಾಗ ಈಚೆಗೆ ಕಟ್ಟಿದರು, ನಡುವಿನ ಜಾಗದಲ್ಲಿದ್ದ ಕಲ್ಲುಗಳು ಎಲ್ಲಿ ಹೋದವೋ ತಿಳಿಯದು ಎಂದ. ಗೋಡೆಯಾಚೆ ಟೆಂಪೋಗಳು ಹಾರ್ನ್ ಹೊಡೆಯುತ್ತ ಓಡುತ್ತಿದ್ದವು. ಅಕ್ಕ ಗೋಡೆಗೆ ಅಂಗೈ ಆನಿಸಿ ನಿಂತರು. ತಾಯಿಯನ್ನು ಕಂಡುಹಿಡಿದಾಗಿತ್ತು. ಎಲ್ಲಿದ್ದಾರೆಂಬುದು ಅಂಗೈ ತೋರಿಸುವಷ್ಟು ನಿಖರವಾಗಿ ಗೊತ್ತಾಗಿತ್ತು. ಅದರಿಂದ ಏನೂ ಆಗುವಂತಿರಲಿಲ್ಲ. ಅಷ್ಟು ಎತ್ತರದ ಹೆಂಗಸು ಚಿಕ್ಕ ಹುಡುಗಿಯಂತೆ ಬಿಕ್ಕುವುದನ್ನು ನೋಡಿ ನಾನೂ ಅತ್ತೆನೆಂದು ಬೇರೆ ಹೇಳಬೇಕಿಲ್ಲ. ಮನೆಗೆ ಬಂದಾಗ ಅತ್ತೆ ನಮ್ಮಿಬ್ಬರ ಮುಖ ನೋಡಿ ಏನೂ ಕೇಳಲಿಲ್ಲ. ಅಕ್ಕನನ್ನು ಒಳಗೆ ಕರೆದು ಚಹಾ ಕೊಟ್ಟರು. ಅಂದು ನೀರಿನ ಮಾತೇ ಬರಲಿಲ್ಲ.

ಕೆಲವು ತಿಂಗಳ ಮೇಲೆ ಅಕ್ಕ ಹೊಸ ಕಲ್ಲು ಮಾಡಿಸುವುದಾಗಿ ಹೇಳಿದರು. ಗೋಡೆಯ ಒಳಮಗ್ಗುಲಿಗೆ, ಸಾಲಿನ ಕೊನೆಯಲ್ಲಿ ನಿಲ್ಲಿಸಲು ಚರ್ಚಿನವರು ಒಪ್ಪಿದ್ದರು. ಕಲ್ಲು ಕೆತ್ತುವವನ ಅಂಗಡಿಗೆ ನನ್ನನ್ನೂ ಕರೆದುಕೊಂಡು ಹೋದರು. ಅವನು ಹೊಸ ಕಾಲದ ತರುಣ, ಮರಾಠಿಯವನು, ಅಕ್ಷರ ಬರೆದುಕೊಟ್ಟರೆ ಇದ್ದದ್ದು ಇದ್ದ ಹಾಗೆ ಕೆತ್ತುತ್ತೇನೆಂದ. ಅಕ್ಕ ನೆಲದ ಮೇಲೆ ಕೂತು ಕಲ್ಲಿನ ಮೇಲೇ ಪೆನ್ಸಿಲಿನಿಂದ ಬರೆದರು. ಅಂಥ ಅಕ್ಷರಗಳನ್ನು ನಾನು ಅದುವರೆಗೆ ನೋಡಿರಲಿಲ್ಲ. ಬಳ್ಳಿಯ ಕುಡಿಯಂತೆ ತಿರುಗಿದ 'ಸು', ತುಂಬಿದ 'ಗು', ಒಂದು ಕೂದಲೆಳೆಯೂ ಅತ್ತಿತ್ತ ಇಲ್ಲ. ಬರೆದು ಮುಗಿಸಿ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಚೀಲದಿಂದ ಅಳತೆಪಟ್ಟಿ ತೆಗೆದು, ಆ ಮುದ್ದಾದ ಅಕ್ಷರಗಳ ನೆತ್ತಿಯ ಮೇಲೆ ಈ ತುದಿಯಿಂದ ಆ ತುದಿಗೆ ಒಂದು ಗೆರೆ ಎಳೆದರು. ಬಲತುದಿಯಲ್ಲಿ ಸಣ್ಣ ಕೊಕ್ಕೆಯನ್ನೂ ಇಟ್ಟರು.

ನನಗೆ ತಡೆಯಲಾಗಲಿಲ್ಲ. "ಅಕ್ಕಾರ! ಇದೇನ್ ಮಾಡಿದ್ರಿ? ಪೇಂಟರನ ಕೈಯಾಗಿನ ಕುಂಚ ಕಸಗೊಂಡಾವ್ರು ನೀವು!"

"ಹೌದ ತಂಗಿ, ತಪ್ಪ ಐತಿ" ಎಂದರು ಅಕ್ಕ, ಪಟ್ಟಿಯನ್ನು ಒರೆಸಿ ಚೀಲಕ್ಕೆ ಹಾಕುತ್ತ. "ಖರೆ ನಮ್ಮವ್ವಗ ಕೊಟ್ಟ ಕಲ್ಲು ಇದ. ನಮ್ಮಪ್ಪ ಜೀವ ಇರೂತನಾ ನೆನಿಸಿದ್ದೂ ಇದನ್ನ. ನಾ ಈಗ ಬರೋಬರ್ ಬರದ್ರ ಅದು ಬ್ಯಾರೆ ಯಾರದೋ ಕಲ್ಲು ಆಕ್ಕೈತಿ."

ಕೆತ್ತುವವನಿಗೆ ಗೆರೆ ನೋಡಿ ಸಂತೋಷವೇ ಆಯಿತು. ಈಗ ಓದಲು ಬರುವ ಹಾಗಿದೆ ಎಂದ. ಅಕ್ಕ ಎಷ್ಟು ನಕ್ಕರೆಂದರೆ ಕಣ್ಣಲ್ಲಿ ನೀರು ಬಂತು. ಅವರ ತಂದೆ ಹೀಗೆಯೇ ನಗುತ್ತಿದ್ದಿರಬೇಕೆಂದು ನನಗನ್ನಿಸಿತು.

ಮುಂದೆ ಯಜಮಾನರು ನಿವೃತ್ತರಾಗಿ ಇಬ್ಬರೂ ಬೆಟಗೇರಿಗೆ ಹೋದರು. ಹೋಗುವ ಮುಂಚೆ ಅಕ್ಕ ನನಗೆ ಏನೂ ಒಪ್ಪಿಸಲಿಲ್ಲ, ನೋಡಿಕೊಂಡಿರು ಎಂದೂ ಹೇಳಲಿಲ್ಲ. ಫೋನಿನಲ್ಲಿ ಮಾತಾಡುತ್ತಿದ್ದೆವು. ಅತ್ತೆ ತೀರಿಹೋದಾಗ ಅಕ್ಕ ಫೋನಿನ ಆ ಕಡೆ ಬಹಳ ಹೊತ್ತು ಅತ್ತರು. ಆಮೇಲೆ ಅವರ ಕಿವಿ ಮಂದವಾಯಿತು, ಮಾತು ಕಡಿಮೆಯಾಯಿತು... ಒಂದು ದಿನ ಅವರ ಯಜಮಾನರ ತಮ್ಮನ ಮಗ ಫೋನು ಮಾಡಿ ಸುದ್ದಿ ಹೇಳಿದ. ಮಣ್ಣು ಕೂಡ ಆಗಿತ್ತು. ನನಗೆ ಹೋಗಲಾಗಲಿಲ್ಲ. ಅಂದು ಮನೆಯಲ್ಲಿ ಎಲ್ಲರಿಗೂ ಬಡಿಸಿ, ಪಾತ್ರೆ ತೊಳೆದು, ಟಿವಿ ನೋಡುತ್ತ ಕೂತೆ. ಸೊಸೆಗೆ, ಮಗನಿಗೆ ಅಕ್ಕ ಎಂದರೆ ಯಾರೆಂದು ಎಲ್ಲಿಂದ ಶುರು ಮಾಡಿ ಹೇಳುವುದು?

ಮೇಣದ ಬಣ್ಣದ ವಾಸನೆ ಬಂದ ಮರುದಿನ ನಾನು ಮಂಡಿನೋವನ್ನು ಮಂಡಿಗೇ ಬಿಟ್ಟು ಆಟೋ ಹಿಡಿದು ಹೊರಟೆ. ಸಿಮಿಟ್ರಿಯಲ್ಲಿ ಏನೋ ಕೆಲಸ ನಡೆದಿತ್ತು. ಗೋಡೆಯ ಪಕ್ಕದ ಕಲ್ಲುಗಳಿಗೆ ಸುಣ್ಣದಿಂದ ಗುರುತು ಹಾಕಿದ್ದರು. ನಾನು ಸುಗುಣಾಬಾಯಿಯ ಕಲ್ಲಿನ ಮುಂದೆ ನಿಂತದ್ದನ್ನು ನೋಡಿ ಮೊಬೈಲು ಹಿಡಿದ ಹುಡುಗನೊಬ್ಬ ಓಡಿ ಬಂದ. ಸಿಮಿಟ್ರಿಯ ಸಮಿತಿಯವನಂತೆ, ಮಾತು ಮರಾಠಿ ಬೆರೆತ ಕನ್ನಡ.

"ಆಂಟಿ, ನಿಮಗ ಇದು ಓದಾಕ ಬರ್ತೈತಿ? ನಾವು ಭೀ ಕನ್ನಡದವ್ರ, ಪಣ್ ನನಗ ಓದಾಕ ಬರಂಗಿಲ್ಲ. ಬೆಂಗಳೂರಿಂದ ಒಬ್ರು ಡಾಕ್ಟರ್ ಸಾಹೇಬ್ರು ಹೊಸಾದಾಗಿ ಬಂದಾರ. ಅವ್ರು ನೋಡಿ ಇದು ಗಲತ್ ಐತಿ ಅಂದ್ರು. ಕನ್ನಡಕ್ಕ ಮ್ಯಾಲ ಲೈನ್ ಇರಂಗಿಲ್ಲಂತ. ಅದಕ್ಕ ಇದನ್ನ ತಗದು ಹೊಸಾದು ಹಾಕಸ್ತೀವಿ. ಕಂಪ್ಯೂಟರ್ ಅಕ್ಷರ, ಏಕದಂ ಸಾಫ್."

ಪಾಪ, ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಿದ್ದ. ನಾನು ಕಲ್ಲಿನ ಮೇಲೆ ಕೈಯಿಟ್ಟೆ.

"ಬೆಂಗಳೂರಿನ ಕನ್ನಡಕ್ಕ ಇರೂದಿಲ್ಲಪಾ" ಎಂದೆ. "ನಾಗಪುರದ ಕನ್ನಡಕ್ಕ ಇರ್ತೈತಿ."

ಹುಡುಗ ನನ್ನನ್ನೂ ಕಲ್ಲನ್ನೂ ಒಮ್ಮೆ ನೋಡಿದ. ನನ್ನ ಬಿಳಿ ಕೂದಲಿಗೆ ಬೆಲೆ ಕೊಟ್ಟನೋ ಏನೋ. "ಮಂಜೆ, ಅಂದ್ರ ಇದು ಬರೋಬರ್ ಐತಿ?"

"ಬರೋಬರ್ ಐತಿ. ಯಾರೂ ಕೈ ಹಚ್ಚಬ್ಯಾಡ್ರಿ."

ಅವನು ಬಗ್ಗಿ ಸುಣ್ಣದ ಗುರುತನ್ನು ಅಂಗೈಯಿಂದಲೇ ಒರೆಸಿಹಾಕಿದ. ಎದ್ದು ನಿಂತು ಕೈ ಝಾಡಿಸುತ್ತ ಕೇಳಿದ: "ಇವ್ರು ನಿಮಗ ಯಾರಾಗಬೇಕು, ಆಂಟಿ?"

"ನಮ್ಮ ಅಕ್ಕಾರ ಅವ್ವ."

"ಅಕ್ಕಾರು ಎಲ್ಲಿರ್ತಾರ? ಅವ್ರಿಗೆ ಒಂದು ಫೋನ್ ಮಾಡಿ ಕೇಳೂಣು, ಬಸ್."

ಅಕ್ಕ ಹೋಗಿ ವರ್ಷಗಳಾದವು. ಇಷ್ಟು ವರ್ಷದಲ್ಲಿ ಈ ಊರಿನಲ್ಲಿ ಯಾರೂ ನನ್ನನ್ನು ಅವರ ಬಗ್ಗೆ ಕೇಳಿರಲಿಲ್ಲ. ಹಾಗಾಗಿ ಆ ಮಾತನ್ನು ನಾನು ಬಾಯಿಬಿಟ್ಟು ಒಮ್ಮೆಯೂ ಆಡಿರಲಿಲ್ಲ.

"ಅಕ್ಕಾರು ಇಲ್ಲಪಾ" ಎಂದೆ. ಆಮೇಲೆ ಆ ಗೋಡೆಗೆ ಕೈ ಆನಿಸಿಕೊಂಡು, ಹುಡುಗ ನೋಡುತ್ತಿದ್ದಾನೆಂಬುದನ್ನೂ ಮರೆತು, ಅತ್ತುಬಿಟ್ಟೆ.